ಲಂಡನ್ನಿನಲ್ಲಿ ವಿದ್ಯಾರ್ಥಿ ಮೋಹನದಾಸ: ಮನೆಯ ಹಂಬಲದ ಒಂದು ಪ್ರಕರಣ ಅಧ್ಯಯನ

ವಿದೇಶದಲ್ಲಿ ಓದುವ ವಿದ್ಯಾರ್ಥಿಗಳನ್ನು ಕಾಡುವ ಮನೆಯ ಹಂಬಲವನ್ನು ಕುರಿತ ಬರಹಗಳಲ್ಲಿ ಹಲವರ ಅನುಭವಗಳನ್ನು ಬೆರೆಸಿ ರೂಪಿಸಿದ ಒಬ್ಬ ಸರಾಸರಿ ವಿದ್ಯಾರ್ಥಿ ಎದುರಾಗುತ್ತಾನೆ. ಅವನು ಯಾವ ಬೀದಿಯಲ್ಲಿ ಎಷ್ಟು ದೂರ ನಡೆದ, ಯಾರ ಮೇಜಿನ ಮುಂದೆ ಇನ್ನೊಂದು ತುಂಡು ಬ್ರೆಡ್ ಕೇಳಲು ನಾಚಿದ ಎಂಬ ವಿವರಗಳು ಅಲ್ಲಿರುವುದಿಲ್ಲ. ಹಂಬಲ ಹುಟ್ಟುವುದೂ ಇಳಿಯುವುದೂ ಇಂಥ ವಿವರಗಳಲ್ಲಿಯೇ ಆದ್ದರಿಂದ, ಒಬ್ಬನೇ ವಿದ್ಯಾರ್ಥಿಯನ್ನು ಆರಿಸಿಕೊಂಡು ಅವನ ದಿನಚರಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದು ಈ ಅಧ್ಯಯನದ ಉದ್ದೇಶ. ವಿದ್ಯಾರ್ಥಿ ಮೋಹನದಾಸ ಕರಮಚಂದ ಗಾಂಧಿ, ಸ್ಥಳ ಲಂಡನ್, ಅವಧಿ 1888ರ ಸೆಪ್ಟೆಂಬರ್ ಕೊನೆಯಿಂದ 1891ರ ಜೂನ್ 12ರವರೆಗೆ. ಮುಂದೆ ಮಹಾತ್ಮನಾದವನನ್ನು ಬದಿಗಿಟ್ಟು, ಹತ್ತೊಂಬತ್ತು ತುಂಬುತ್ತಿದ್ದ ಹುಡುಗನನ್ನಷ್ಟೇ ನೋಡಬೇಕಾಗಿರುವುದರಿಂದ ಇಲ್ಲಿ ಏಕವಚನವನ್ನೇ ಬಳಸಿದ್ದೇನೆ.

ಆಧಾರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪ್ರಕರಣದ ಬಹುಪಾಲು ವಿವರಗಳು ಆತ್ಮಕಥೆಯಿಂದ ಬಂದವು. ಅದು ‘ನವಜೀವನ’ ಪತ್ರಿಕೆಯಲ್ಲಿ ಪ್ರಕಟವಾಗತೊಡಗಿದ್ದು 1925ರಲ್ಲಿ, ಅಂದರೆ ಘಟನೆಗಳು ನಡೆದು ಮೂರೂವರೆ ದಶಕ ಕಳೆದ ಮೇಲೆ. ಅಷ್ಟು ಹೊತ್ತಿಗೆ ಬರೆಯುವವನಿಗೆ ತನ್ನ ಬಾಳಿನ ದಿಕ್ಕು ತಿಳಿದಿತ್ತು, ಆದ್ದರಿಂದ ಹಳೆಯ ಸಂಕಟಗಳೆಲ್ಲ ಪಾಠಗಳಾಗಿ ಜೋಡಣೆಗೊಂಡಿವೆ. ಆದರೂ ಅಳು, ಹಸಿವು, ಖರ್ಚಿನ ಲೆಕ್ಕಗಳಂಥ ವಿವರಗಳನ್ನು ಅವನು ಮುಚ್ಚಿಡದೆ ಹೇಳಿದ್ದಾನೆ. ಜೊತೆಗೆ ಆ ಕಾಲದಲ್ಲಿಯೇ ಬರೆದ ಡೈರಿಯ ಕೆಲವು ಪುಟಗಳು, ಅಣ್ಣನಿಗೆ ಬರೆದ ಪತ್ರ, 1891ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ವಾರಪತ್ರಿಕೆಯಲ್ಲಿ ಬಂದ ಲೇಖನಗಳು ಇವೆ.

ಹಿನ್ನೆಲೆ

ಮೋಹನದಾಸ ಮನೆ ಬಿಟ್ಟು ಇರಲಾರದ ಹುಡುಗ ಎಂಬುದಕ್ಕೆ ಲಂಡನ್ನಿಗೆ ಮೊದಲೇ ಸೂಚನೆಗಳಿದ್ದವು. 1888ರ ಆರಂಭದಲ್ಲಿ ಭಾವನಗರದ ಸಾಮಳದಾಸ್ ಕಾಲೇಜಿಗೆ ಸೇರಿದವನು ಪಾಠಗಳು ತಲೆಗೆ ಹತ್ತದೆ ಮೊದಲ ಅವಧಿ ಮುಗಿಯುತ್ತಲೇ ರಾಜಕೋಟಕ್ಕೆ ಮರಳಿದ್ದ. ಮನೆಯ ಹಿತೈಷಿ ಮಾವಜಿ ದವೆ ಎಂಬ ಹಿರಿಯರು, ಇಲ್ಲಿ ವರ್ಷಗಟ್ಟಲೆ ಓದಿ ಪದವಿ ಪಡೆಯುವುದಕ್ಕಿಂತ ಇಂಗ್ಲೆಂಡಿಗೆ ಹೋಗಿ ಮೂರು ವರ್ಷದಲ್ಲಿ ಬ್ಯಾರಿಸ್ಟರ್ ಆಗಿ ಬರುವುದು ಲೇಸು, ಖರ್ಚು ನಾಲ್ಕೈದು ಸಾವಿರ ರೂಪಾಯಿ ದಾಟುವುದಿಲ್ಲ ಎಂದು ಸಲಹೆ ಕೊಟ್ಟರು. ತಂದೆ 1885ರಲ್ಲಿಯೇ ತೀರಿಕೊಂಡಿದ್ದುದರಿಂದ ಹಣ ಹೊಂದಿಸುವ ಭಾರ ಅಣ್ಣ ಲಕ್ಷ್ಮೀದಾಸನದಾಯಿತು. ತಾಯಿ ಪುತಲೀಬಾಯಿ ಮಾತ್ರ ಒಪ್ಪಲಿಲ್ಲ. ಕೊನೆಗೆ ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುವಿನ ಮುಂದೆ ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ಮಗ ಆಣೆ ಮಾಡಿದ ಮೇಲೆ ಅಪ್ಪಣೆ ಸಿಕ್ಕಿತು.

ಹೊರಡುವ ಹೊತ್ತಿಗೆ ಅವನು ಮದುವೆಯಾಗಿ ಐದಾರು ವರ್ಷಗಳಾಗಿದ್ದವು, ಕೆಲವೇ ತಿಂಗಳ ಗಂಡುಮಗುವಿನ ತಂದೆಯೂ ಆಗಿದ್ದ. ಬೀಳ್ಕೊಡುವಾಗ ತಾಯಿ ಕಣ್ಣೀರನ್ನು ಕೈಯಿಂದ ಮರೆಮಾಡುತ್ತಿದ್ದರೂ ಬಿಕ್ಕಿದ ಸದ್ದು ಕೇಳುತ್ತಿತ್ತೆಂದು ಆ ದಿನಗಳ ಬರಹದಲ್ಲಿಯೇ ಇದೆ. ಮುಂಬಯಿಯಲ್ಲಿ ಇನ್ನೊಂದು ಪೆಟ್ಟು ಕಾದಿತ್ತು: ಸಮುದ್ರ ದಾಟುವುದು ಧರ್ಮಕ್ಕೆ ವಿರುದ್ಧವೆಂದು ಮೋಢ ಬನಿಯಾ ಜಾತಿಯ ಮುಖಂಡರು ಸಭೆ ಸೇರಿ ಅವನನ್ನು ಬಹಿಷ್ಕರಿಸಿದರು, ಅವನಿಗೆ ನೆರವಾದವರಿಗೂ ಹಡಗುಕಟ್ಟೆಗೆ ಕಳುಹಿಸಲು ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದರು. ಇದನ್ನು ಸಾಮಾಜಿಕ ಚರಿತ್ರೆಯ ಒಂದು ಕುತೂಹಲವೆಂದು ಓದಿ ಮುಂದೆ ಹೋಗುವುದು ಸುಲಭ. ಆದರೆ ನಮ್ಮ ಪ್ರಕರಣಕ್ಕೆ ಅದರ ಅರ್ಥ ಬೇರೆ. ಭಾವನಗರದಿಂದ ಸೋತು ಬಂದವನನ್ನು ರಾಜಕೋಟ ಮಾತಿಲ್ಲದೆ ಒಳಗೆ ಬಿಟ್ಟುಕೊಂಡಿತ್ತು. ಲಂಡನ್ನಿನಿಂದ ಹಾಗೆ ಬರುವ ಬಾಗಿಲು ಹಣದ ಕಾರಣಕ್ಕೂ ಜಾತಿಯ ಕಾರಣಕ್ಕೂ ಮುಚ್ಚಿಹೋಗಿತ್ತು. ಸೆಪ್ಟೆಂಬರ್ 4ರಂದು ‘ಕ್ಲೈಡ್’ ಹಡಗು ಮುಂಬಯಿ ಬಿಟ್ಟಿತು.

ಹಂಬಲ ಕಾಣಿಸಿಕೊಂಡ ಬಗೆ

ಒಂಟಿತನ ಹಡಗಿನಲ್ಲಿಯೇ ಆರಂಭವಾಯಿತು. ಇಂಗ್ಲಿಷಿನಲ್ಲಿ ಮಾತನಾಡಿ ಅಭ್ಯಾಸವಿರಲಿಲ್ಲ. ಮಾತನಾಡಿಸಿದವರಿಗೆ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಿದ್ದರು. ಚಾಕು, ಫೋರ್ಕು ಹಿಡಿಯಲು ಬಾರದು, ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯವಿಲ್ಲ. ಹಾಗಾಗಿ ಊಟದ ಮೇಜಿಗೆ ಹೋಗದೆ, ಮನೆಯಿಂದ ಕಟ್ಟಿಕೊಟ್ಟಿದ್ದ ಸಿಹಿತಿಂಡಿ ಮತ್ತು ಹಣ್ಣುಗಳನ್ನೇ ಹೆಚ್ಚಾಗಿ ನಂಬಿಕೊಂಡು ಕೋಣೆಯಲ್ಲಿಯೇ ಉಂಡ. ಕೋಣೆಯಲ್ಲಿ ಜೊತೆಗಿದ್ದ ಜುನಾಗಡದ ವಕೀಲ ತ್ರ್ಯಂಬಕರಾಯ ಮಜುಮದಾರರು ನಾಲ್ಕು ಜನರೊಡನೆ ಬೆರೆಯಬೇಕೆಂದು ಹೇಳಿಹೇಳಿ ಸಾಕಾದರು. ಬಿಸ್ಕೆ ಕೊಲ್ಲಿ ದಾಟಿದ ಮೇಲೆ ಮಾಂಸವಿಲ್ಲದೆ ಬದುಕಲಾಗದು ಎಂದು ಇಂಗ್ಲಿಷ್ ಸಹಪ್ರಯಾಣಿಕನೊಬ್ಬ ಎಚ್ಚರಿಸಿದ.

ದಡ ಸೇರಿದ ದಿನ ಶನಿವಾರ. ಇಳಿಯುವಾಗ ಚೆನ್ನಾಗಿ ಕಾಣಬೇಕೆಂದು ಜೋಪಾನವಾಗಿ ತೆಗೆದಿಟ್ಟಿದ್ದ ಬಿಳಿ ಫ್ಲ್ಯಾನೆಲ್ ಉಡುಪನ್ನು ಧರಿಸಿದ. ಸೆಪ್ಟೆಂಬರ್ ಕೊನೆಯ ಆ ಜನಜಂಗುಳಿಯಲ್ಲಿ ಬಿಳಿ ಬಟ್ಟೆ ತೊಟ್ಟವನು ಅವನೊಬ್ಬನೇ. ಪೆಟ್ಟಿಗೆಗಳು ಏಜೆಂಟರ ವಶಕ್ಕೆ ಹೋಗಿದ್ದವು, ಮಾರನೆಯ ದಿನ ಭಾನುವಾರವಾದ್ದರಿಂದ ಸೋಮವಾರದವರೆಗೆ ಬೇರೆ ಬಟ್ಟೆ ಕೈಗೆ ಬರುವಂತಿರಲಿಲ್ಲ. ಆ ಸಂಜೆ ವಿಕ್ಟೋರಿಯಾ ಹೋಟೆಲಿಗೆ ಕಾಣಲು ಬಂದ, ಲಂಡನ್ನಿನಲ್ಲಿದ್ದ ಗುಜರಾತಿ ಹಿತೈಷಿ ಡಾ. ಪ್ರಾಣಜೀವನ ಮೆಹ್ತಾ ಅವರ ಎತ್ತರದ ಹ್ಯಾಟಿನ ಮೇಲೆ ಕುತೂಹಲದಿಂದ ಕೈಯಾಡಿಸಿ ಅದರ ನವಿರನ್ನು ಕೆದರಿಬಿಟ್ಟ. ಇತರರ ವಸ್ತು ಮುಟ್ಟಬಾರದು, ಗಟ್ಟಿಯಾಗಿ ಮಾತನಾಡಬಾರದು, ಮೊದಲ ಭೇಟಿಯಲ್ಲಿಯೇ ಊರಿನಲ್ಲಿ ಕೇಳುವಂತೆ ಪ್ರಶ್ನೆ ಕೇಳಬಾರದು ಎಂಬ ಪಾಠ ಅಲ್ಲಿಯೇ ಆಯಿತು. ಊರಿನಲ್ಲಿ ಆತ್ಮೀಯತೆಯ ಗುರುತಾಗಿದ್ದ ನಡವಳಿಕೆಗಳು ಇಲ್ಲಿ ಅಸಭ್ಯತೆಯ ಪಟ್ಟಿಗೆ ಸೇರಿದ್ದವು.

ಹೋಟೆಲು ದುಬಾರಿಯಾಯಿತೆಂದು, ಹಡಗಿನಲ್ಲಿ ಪರಿಚಯವಾಗಿದ್ದ ಸಿಂಧಿ ಸಹಪ್ರಯಾಣಿಕರ ನೆರವಿನಿಂದ ಬಾಡಿಗೆ ಕೋಣೆಗೆ ಹೋದ. ಹಂಬಲ ಪೂರ್ತಿ ಬಲ ಪಡೆದದ್ದು ಆ ಕೋಣೆಯಲ್ಲಿ. ಮನೆ, ಊರು ಸದಾ ಕಣ್ಣ ಮುಂದೆ, ತಾಯಿಯ ಪ್ರೀತಿಯ ನೆನಪು ಬಿಟ್ಟೂಬಿಡದೆ, ರಾತ್ರಿಯಾದರೆ ಕೆನ್ನೆಯ ಮೇಲೆ ನೀರು, ನಿದ್ದೆ ಇಲ್ಲ. ಹೇಳಿಕೊಳ್ಳೋಣವೆಂದರೆ ಕೇಳುವವರಿಲ್ಲ, ಇದ್ದರೂ ಹೇಳಿ ಏನು ಪ್ರಯೋಜನವೆಂಬ ಭಾವ. ಜನ, ಅವರ ರೀತಿ, ಮನೆಗಳು ಕೂಡ ಅಪರಿಚಿತ. ತಿನ್ನಬಹುದಾದದ್ದು ಸಪ್ಪೆ. ಇಂಗ್ಲೆಂಡು ಸಹಿಸಲಾಗದು, ಮರಳುವ ಮಾತೇ ಇಲ್ಲ. ಬಂದದ್ದಾಯಿತು, ಮೂರು ವರ್ಷ ಮುಗಿಸಲೇಬೇಕು ಎಂದು ಒಳಗಿನ ದನಿಯೊಂದು ಹೇಳುತ್ತಿತ್ತೆಂದು ಅವನು ನೆನೆದಿದ್ದಾನೆ. ಅಕ್ಟೋಬರ್ 2ರಂದು ಅವನಿಗೆ ಹತ್ತೊಂಬತ್ತು ತುಂಬಿತು.

ಈ ಸ್ಥಿತಿಗೆ ವೈದ್ಯಶಾಸ್ತ್ರ ಒಂದು ಹೆಸರು ಕೊಟ್ಟು ಆಗ ಸರಿಯಾಗಿ 200 ವರ್ಷವಾಗಿತ್ತು. 1688ರಲ್ಲಿ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಮರಳುವಿಕೆ ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ‘ನಾಸ್ಟಾಲ್ಜಿಯಾ’ ಎಂಬ ರೋಗನಾಮವನ್ನು ತನ್ನ ಪ್ರಬಂಧದಲ್ಲಿ ಸೃಷ್ಟಿಸಿದ. ಅವನು ವಿವರಿಸಿದ ರೋಗಿಗಳಲ್ಲಿ ಬರ್ನ್ ನಗರದಿಂದ ಬಾಸೆಲಿಗೆ ಓದಲು ಬಂದ ಯುವಕನೊಬ್ಬನಿದ್ದಾನೆ. ಸಾಯುತ್ತಾನೆಂದೇ ಎಲ್ಲರೂ ತಿಳಿದಿದ್ದವನು ಊರಿಗೆ ಕರೆದೊಯ್ಯುವ ಸಿದ್ಧತೆ ನಡೆಯುತ್ತಿದ್ದಂತೆ ಚೇತರಿಸಿಕೊಂಡು, ಊರು ತಲುಪುವ ಮೊದಲೇ ಗುಣವಾದ. ಎರಡು ಊರುಗಳ ನಡುವಿನ ದೂರ ನೂರು ಕಿಲೋಮೀಟರು ಕೂಡ ಇಲ್ಲ. ಹೋಫರ್‌ನ ಮದ್ದು, ಅಂದರೆ ಮನೆಗೆ ಕಳಿಸುವುದು, ಮೋಹನದಾಸನಿಗೆ ಸಿಗುವಂತಿರಲಿಲ್ಲ. ಇನ್ನು ಈಚಿನ ವಿದ್ವಾಂಸರು ವಿದೇಶವಾಸಕ್ಕೆ ಒಂದು ರೇಖೆಯನ್ನು ಎಳೆಯುತ್ತಾರೆ: ಮೊದಲು ಉತ್ಸಾಹ, ನಡುವೆ ಇಳಿತ, ಆಮೇಲೆ ಮತ್ತೆ ಏರಿಕೆ. ಅಮೆರಿಕಕ್ಕೆ ಹೋಗಿಬಂದ ನಾರ್ವೆಯ ಫುಲ್‌ಬ್ರೈಟ್ ವಿದ್ಯಾರ್ಥಿವೇತನದವರನ್ನು ಮಾತನಾಡಿಸಿ ಸ್ವೆರ್ರೆ ಲಿಸ್ಗಾರ್ಡ್ 1955ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಮಾತು ಹರಡಿತು. ನಮ್ಮ ವಿದ್ಯಾರ್ಥಿ ಆ ರೇಖೆಗೆ ಒಗ್ಗುವುದಿಲ್ಲ. ಅವನಿಗೆ ಪಾತಾಳ ಸಿಕ್ಕಿದ್ದು ಮೊದಲ ವಾರದಲ್ಲಿಯೇ.

ಕನ್ನಡದಲ್ಲಿ ಮನೆ ಬಿಟ್ಟು ಹೋದವರ ಹಂಬಲಕ್ಕೆ ಸಿದ್ಧವಾಗಿರುವ ಮಾತು ತವರು. ಅದು ಗಂಡನ ಮನೆಗೆ ಹೋದ ಹೆಣ್ಣಿನದು, ಅದಕ್ಕೆ ತ್ರಿಪದಿಗಳಿವೆ, ಬೀಸುವಾಗ ಹಾಡಿಕೊಂಡು ಅಳುವ ಅವಕಾಶವಿದೆ. ಓದಲು ಹೋದ ಗಂಡುಹುಡುಗನಿಗೆ ಅಂಥ ಮಾತೂ ಇಲ್ಲ, ಅವಕಾಶವೂ ಇಲ್ಲ. ಅವನು ದೀಪ ಆರಿಸಿದ ಮೇಲೆ ಅಳಬೇಕು. ಗುಜರಾತಿನ ಹುಡುಗನ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಹಸಿವು, ನಡಿಗೆ, ಮತ್ತು ಫ್ಯಾರಿಂಗ್ಡನ್ ಬೀದಿ

ಮೊದಲ ಉಪಾಯ ಡಾ. ಮೆಹ್ತಾ ಅವರದು. ಕೋಣೆಯನ್ನು ನೋಡಿದೊಡನೆ ಇದು ಸಲ್ಲದೆಂದು ತಲೆಯಾಡಿಸಿ, ಇಲ್ಲಿಗೆ ಬರುವುದು ಪುಸ್ತಕಕ್ಕಿಂತ ಹೆಚ್ಚಾಗಿ ಇಲ್ಲಿನ ಬದುಕನ್ನು ಕಲಿಯಲು, ಅದಕ್ಕೆ ಕುಟುಂಬದೊಡನೆ ಇರಬೇಕು, ಅದಕ್ಕೂ ಮುನ್ನ ಗೆಳೆಯನೊಬ್ಬನ ಬಳಿ ತರಬೇತಿ ಆಗಬೇಕು ಎಂದರು. ಹಾಗೆ ರಿಚ್ಮಂಡಿನಲ್ಲಿದ್ದ ದಳಪತರಾಮ್ ಶುಕ್ಲರ ಬಳಿ ಸುಮಾರು ಒಂದು ತಿಂಗಳು ಕಳೆಯಿತು. ಶುಕ್ಲರು ಅವನನ್ನು ತಮ್ಮನಂತೆ ನೋಡಿಕೊಂಡರು, ಇಂಗ್ಲಿಷಿನಲ್ಲಿ ಮಾತನಾಡಿಸಿದರು. ಭಾರತದಲ್ಲಿ ಪತ್ರಿಕೆಯನ್ನೇ ಓದಿರದಿದ್ದವನಿಗೆ ದಿನವೂ ಸುಮಾರು ಒಂದು ಗಂಟೆ ಪತ್ರಿಕೆ ಓದುವ ರೂಢಿ ಶುಕ್ಲರಿಂದಲೇ ಬಂತು.

ಊಟದ ಪ್ರಶ್ನೆ ಮಾತ್ರ ಬಿಗಡಾಯಿಸಿತು. ಬೆಳಗಿನ ಓಟ್ಸ್ ಗಂಜಿಯಿಂದ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ ಮತ್ತು ರಾತ್ರಿ ಬೇಯಿಸಿದ ಸೊಪ್ಪು, ಬ್ರೆಡ್, ಜ್ಯಾಮ್ ಮಾತ್ರ; ಹಾಲು ಇಲ್ಲ. ಚೆನ್ನಾಗಿ ಉಣ್ಣುವ ವಯಸ್ಸು, ಆದರೆ ಎರಡು ಮೂರು ತುಂಡುಗಳಿಗಿಂತ ಹೆಚ್ಚು ಬ್ರೆಡ್ ಕೇಳುವುದು ಸರಿಯಲ್ಲವೆಂಬ ಸಂಕೋಚ. ಅಕ್ಷರ ತಿಳಿಯದ ತಾಯಿಗೆ, ಇಲ್ಲಿನ ಸ್ಥಿತಿ ಗೊತ್ತಿಲ್ಲದೆ ಕೊಟ್ಟ ಮಾತಿಗೆ ಬೆಲೆ ಏನೆಂದು ಶುಕ್ಲರು ವಾದಿಸುತ್ತಿದ್ದರು, ಒಮ್ಮೆ ಇಂಗ್ಲಿಷ್ ದಾರ್ಶನಿಕ ಬೆಂಥಮ್‌ನ ಪುಸ್ತಕವನ್ನು ಓದಿ ವಿವರಿಸಲು ಹೊರಟರು. ಮೋಹನದಾಸ ವಾದ ಮಾಡಲಿಲ್ಲ. ಇದು ನನಗೆ ಅರ್ಥವಾಗದು, ಮಾಂಸ ಬೇಕಾಗಬಹುದೆಂದೂ ಒಪ್ಪುತ್ತೇನೆ, ಆದರೆ ಮಾತು ಮುರಿಯಲಾರೆ ಎಂದ. ಮಾಂಸ ತಿನ್ನುವುದು ತಪ್ಪೆಂಬ ಸ್ವಂತ ನಂಬಿಕೆ ಆಗ ಅವನಿಗಿರಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದದ್ದು. ಎಂದಾದರೊಂದು ದಿನ ಭಾರತೀಯರೆಲ್ಲ ಮಾಂಸಾಹಾರಿಗಳಾಗಲೆಂದು ಬಯಸುತ್ತಿದ್ದವನು ಅವನು. ಆ ದಿನಗಳಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ತಾಯಿಯ ಮುಖವೇ ಹೊರತು ಯಾವ ಸಿದ್ಧಾಂತವೂ ಅಲ್ಲ. ಮನೆಯ ಹಂಬಲ ಅವನಲ್ಲಿ ತಳೆದಿದ್ದ ಆಕಾರವೇ ಈ ವ್ರತ ಎಂದರೆ ತಪ್ಪಾಗಲಾರದು.

ಮುಂದಿನ ನೆಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿದ್ದ ಒಬ್ಬ ವಿಧವೆಯ ಮನೆ. ಅವರು ಹಿಂದೆ ಭಾರತದಲ್ಲಿ ಇದ್ದವರು. ವ್ರತದ ವಿಷಯ ಕೇಳಿ ಆಕೆ ಮುತುವರ್ಜಿ ವಹಿಸಿದರೂ ಹಸಿವು ತಪ್ಪಲಿಲ್ಲ. ಮನೆಯಿಂದ ತರಿಸಿಕೊಂಡ ಸಿಹಿತಿಂಡಿ, ಮಸಾಲೆ ಇನ್ನೂ ಬಂದಿರಲಿಲ್ಲ. ಆಕೆಯ ಇಬ್ಬರು ಹೆಣ್ಣುಮಕ್ಕಳು ಒತ್ತಾಯ ಮಾಡಿ ಒಂದೆರಡು ತುಂಡು ಬ್ರೆಡ್ ಹೆಚ್ಚಾಗಿ ಬಡಿಸುತ್ತಿದ್ದರು, ಆದರೆ ಇಡೀ ಬ್ರೆಡ್ಡೇ ಬೇಕಿತ್ತೆಂಬುದು ಅವರಿಗೆ ತಿಳಿಯಲಿಲ್ಲ ಎಂದು ಅವನು ನೆನೆದಿದ್ದಾನೆ. ಪತ್ರಗಳ ಸ್ಥಿತಿಯೂ ಹೀಗೆಯೇ: ಎರಡು ಮೂರು ವಾರಗಳಿಂದ ನಿಮ್ಮ ಕಾಗದವಿಲ್ಲವೆಂಬ ಕೊರಗು ಆ ನವೆಂಬರಿನಲ್ಲಿ ಅಣ್ಣನಿಗೆ ಬರೆದ ಪತ್ರದಲ್ಲಿದೆ; ಇಷ್ಟು ಚಳಿಯಲ್ಲಿಯೂ ಮಾಂಸ, ಮದ್ಯ ಬೇಕೆನಿಸಿಲ್ಲವೆಂಬ ಸಮಾಧಾನವೂ ಅದರಲ್ಲಿಯೇ ಇದೆ. ರಾತ್ರಿ ಅಳುತ್ತಿದ್ದ ಸುದ್ದಿಯನ್ನು ಮನೆಗೆ ತಿಳಿಸುವ ವಿದ್ಯಾರ್ಥಿ ಅಂದೂ ಅಪರೂಪ, ಇಂದೂ ಅಪರೂಪ.

ಸಸ್ಯಾಹಾರದ ಊಟದ ಮನೆಗಳು ಲಂಡನ್ನಿನಲ್ಲಿವೆಯೆಂದು ಆ ವಿಧವೆಯೇ ಹೇಳಿದ್ದರು. ಮೋಹನದಾಸ ಹುಡುಕಲು ಹೊರಟ. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುವುದು, ಯಾವುದಾದರೂ ಅಗ್ಗದ ಹೋಟೆಲಿನಲ್ಲಿ ಬ್ರೆಡ್ಡಿನಿಂದ ಹೊಟ್ಟೆ ತುಂಬಿಸಿಕೊಳ್ಳುವುದು, ಆದರೂ ತೃಪ್ತಿಯಿಲ್ಲದೆ ಮರಳುವುದು. ಹೀಗೆ ಅಲೆಯುತ್ತಿದ್ದಾಗ ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥ ಊಟದ ಮನೆ ಕಂಡಿತು. ಮನಸ್ಸಿಗೆ ಒಪ್ಪಿದ್ದು ಸಿಕ್ಕಿದ ಮಗುವಿನಂಥ ಸಂತೋಷ ಎಂದು ಅವನು ಹೇಳಿಕೊಂಡಿದ್ದಾನೆ. ಬಾಗಿಲ ಬಳಿಯ ಗಾಜಿನ ಹಿಂದೆ ಮಾರಾಟಕ್ಕಿಟ್ಟಿದ್ದ ಪುಸ್ತಕಗಳ ನಡುವೆ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಸಮರ್ಥನೆಯೊಂದಿತ್ತು. ಅದನ್ನು ಒಂದು ಷಿಲಿಂಗ್ ಕೊಟ್ಟು ಕೊಂಡು ನೇರವಾಗಿ ಊಟದ ಕೋಣೆಗೆ ಹೋದ. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ ಮೊದಲು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ, ತಾಯಿಗಾಗಿ ಪಾಲಿಸುತ್ತಿದ್ದ ವ್ರತ ತನ್ನದೇ ಆಯ್ಕೆಯಾಯಿತು.

ಈ ಪ್ರಕರಣದ ತಿರುವು ಇದು ಎಂದು ನಾನು ಎಣಿಸುತ್ತೇನೆ, ಮತ್ತು ಅದು ಒಂದು ವಿಚಿತ್ರ ತಿರುವು. ಅವನನ್ನು ಎಲ್ಲರಿಂದ ಬೇರೆ ಮಾಡಿದ್ದು, ಹಸಿವಿನಲ್ಲಿ ಕೆಡವಿದ್ದು, ಊರನ್ನು ಹೊತ್ತುಹೊತ್ತಿಗೂ ನೆನಪಿಸುತ್ತಿದ್ದದ್ದು ಆ ವ್ರತ. ಅದನ್ನು ಸಡಿಲಿಸಿದ್ದರೆ ಸಂಕಟ ಕಡಿಮೆಯಾಗುತ್ತಿತ್ತೆಂಬ ಶುಕ್ಲರ ಲೆಕ್ಕ ಹೊರನೋಟಕ್ಕೆ ಸರಿಯೇ. ಆದರೆ ಕೋಣೆಯಲ್ಲಿ ಕುಳಿತು ಅಳುವವನನ್ನು ಎಬ್ಬಿಸಿ ಊರೆಲ್ಲ ನಡೆಸಿದ್ದೂ ಅದೇ ವ್ರತ. ಹಸಿವಿಲ್ಲದಿದ್ದರೆ ಆ ನಡಿಗೆಯಿಲ್ಲ. ನಡಿಗೆಯಿಲ್ಲದಿದ್ದರೆ ಲಂಡನ್ನಿನ ಬೀದಿಗಳು ಅವನ ಕಾಲಿಗೆ ಪರಿಚಯವಾಗುತ್ತಿರಲಿಲ್ಲ.

ಎದುರು ದಿಕ್ಕಿನ ಪ್ರಯತ್ನ

ಹಾಗೆಂದು ಅವನು ಆ ದಿನದಿಂದ ನೇರ ದಾರಿ ಹಿಡಿದನೆಂದಲ್ಲ. ಸ್ವಲ್ಪ ದಿನಗಳ ಮೇಲೆ ಶುಕ್ಲರು ಅವನನ್ನು ನಾಟಕಕ್ಕೆ ಕರೆದೊಯ್ಯುವ ಮುನ್ನ ಹಾಲ್ಬರ್ನ್ ರೆಸ್ಟೋರೆಂಟಿನಲ್ಲಿ ಊಟ ಏರ್ಪಡಿಸಿದರು. ಅಂಥ ಭವ್ಯ ಸ್ಥಳದಲ್ಲಿ ಹುಡುಗ ಪ್ರಶ್ನೆ ಕೇಳಲಾರನೆಂಬ ಲೆಕ್ಕಾಚಾರ ಅವರದು. ಸೂಪು ಬಂದಾಗ ಇದು ಮಾಂಸದ್ದೋ ತರಕಾರಿಯದೋ ಎಂದು ಕೇಳಲು ಅವನು ಬಡಿಸುವವನನ್ನು ಕರೆದ. ಶುಕ್ಲರು ರೇಗಿ, ಸಭ್ಯರ ನಡುವೆ ನಡೆದುಕೊಳ್ಳಲು ಬಾರದಿದ್ದರೆ ಬೇರೆಲ್ಲಾದರೂ ಉಂಡು ಹೊರಗೆ ಕಾಯಬೇಕೆಂದರು. ಅವನು ಎದ್ದು ಹೋದ. ಹತ್ತಿರದ ಸಸ್ಯಾಹಾರದ ಊಟದ ಮನೆ ಮುಚ್ಚಿತ್ತು; ಅಂದು ಉಪವಾಸವಿದ್ದು ನಾಟಕ ನೋಡಿದ. ಇಬ್ಬರ ಸ್ನೇಹ ಇದರಿಂದ ಕೆಡಲಿಲ್ಲ ಎಂಬುದು ಇಬ್ಬರಿಗೂ ಶೋಭೆ ತರುವ ಸಂಗತಿ.

ಊಟದಲ್ಲಿ ಬೇರೆಯಾದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಉಳಿದೆಲ್ಲದರಲ್ಲಿ ಇಂಗ್ಲಿಷ್ ಸಭ್ಯನಾಗಲು ಅವನು ಹೊರಟ. ಹತ್ತೊಂಬತ್ತು ಷಿಲಿಂಗಿನ ಎತ್ತರದ ಹ್ಯಾಟು, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ತೆತ್ತು ಹೊಲಿಸಿದ ಸಂಜೆಯ ಉಡುಪು, ಅಣ್ಣನಿಂದ ತರಿಸಿಕೊಂಡ ಎರಡೆಳೆಯ ಚಿನ್ನದ ಗಡಿಯಾರದ ಸರ, ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ. ನೃತ್ಯದ ತರಗತಿಗೆ ಮೂರು ಪೌಂಡು ಕಟ್ಟಿ, ಮೂರು ವಾರದಲ್ಲಿ ಆರು ಪಾಠ ಕಲಿತರೂ ಪಿಯಾನೋದ ತಾಳಕ್ಕೆ ಹೆಜ್ಜೆ ಕೂಡಲಿಲ್ಲ. ಕಿವಿ ತಯಾರಾಗಲಿ ಎಂದು ಮತ್ತೆ ಮೂರು ಪೌಂಡಿಗೆ ಪಿಟೀಲು ಕೊಂಡ. ಭಾಷಣ ಕಲೆಗೆ ಒಂದು ಗಿನಿ. ಮೂರು ತಿಂಗಳಲ್ಲಿ ಈ ಅಮಲು ಇಳಿಯಿತು. ಬಾಳೆಲ್ಲ ಇಲ್ಲಿಯೇ ಕಳೆಯುವುದಿಲ್ಲವಲ್ಲ, ನೃತ್ಯ ಕಲಿತು ಮಾಡುವುದೇನು ಎಂಬ ಯೋಚನೆ ಅವನನ್ನು ನಿಲ್ಲಿಸಿತು. ಮರಳುವ ಊರೊಂದಿದೆಯೆಂಬ ನೆನಪು ಮೊದಲ ಬಾರಿಗೆ ಅಳುವಾಗಿ ಬರದೆ ಲೆಕ್ಕವಾಗಿ ಬಂದದ್ದು ಇಲ್ಲಿ.

ನಿಂತ ದಿನಚರಿ

ಲೆಕ್ಕ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಹುದು. ಬಸ್ಸಿನ ದುಡ್ಡು, ಅಂಚೆ, ಪತ್ರಿಕೆಗೆ ಕೊಟ್ಟ ಒಂದೆರಡು ಕಾಸು ಕೂಡ ಬರೆದಿಟ್ಟು, ಮಲಗುವ ಮುನ್ನ ಕೈಯಲ್ಲಿ ಉಳಿದದ್ದರೊಡನೆ ತಾಳೆ ನೋಡುವ ರೂಢಿ ಅವನಿಗಿತ್ತು. ಮೊದಲ ವಾರಗಳಲ್ಲಿ ಅಳುವಿಗೆ ಮೀಸಲಾಗಿದ್ದ ರಾತ್ರಿಯ ಹೊತ್ತನ್ನು ಜಮಾಖರ್ಚು ತುಂಬಿತೆಂಬುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಅಣ್ಣ ಕಷ್ಟಪಟ್ಟು ಕಳಿಸುವ ಹಣವೆಂಬ ಅರಿವು ಆ ಲೆಕ್ಕದ ಹಿಂದಿತ್ತು. ಕುಟುಂಬದೊಡನೆ ಇರುವುದನ್ನು ಬಿಟ್ಟು, ಹೋಗಬೇಕಾದ ಕಡೆಗೆ ಅರ್ಧ ಗಂಟೆಯಲ್ಲಿ ನಡೆದು ತಲುಪಬಹುದಾದಲ್ಲಿ ಎರಡು ಕೋಣೆ ಹಿಡಿದ. ಬಂಡಿಯ ಖರ್ಚು ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆಯೂ ಆಯಿತು. ಇಂಗ್ಲೆಂಡಿನಲ್ಲಿದ್ದಷ್ಟು ದಿನ ಕಾಯಿಲೆ ಬೀಳದಿರಲು ಅದೇ ಕಾರಣವೆಂದು ಅವನು ನಂಬಿದ್ದ.

ಆಮೇಲೆ ಎರಡು ಕೋಣೆ ಒಂದಾಯಿತು, ಒಂದು ಒಲೆ ಬಂತು. ಬೆಳಿಗ್ಗೆ ತಾನೇ ಬೇಯಿಸಿದ ಓಟ್ಸ್ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ ಊಟ, ರಾತ್ರಿ ಬ್ರೆಡ್ ಮತ್ತು ಕೋಕೋ. ದಿನದ ಊಟದ ಖರ್ಚು ಒಂದು ಷಿಲಿಂಗ್ ಮೂರು ಪೆನ್ಸಿಗೆ ಇಳಿಯಿತು. ಓದು ಬಿರುಸಾಗಿದ್ದ ಕಾಲ ಅದು. ಬ್ಯಾರಿಸ್ಟರ್ ಪರೀಕ್ಷೆ ಸುಲಭವೆನಿಸಿದ್ದರಿಂದ, ಜೊತೆಗೆ ಲಂಡನ್ ಮೆಟ್ರಿಕ್ಯುಲೇಷನ್ ಕಟ್ಟಿ ಮೊದಲ ಸಲ ಲ್ಯಾಟಿನ್‌ನಲ್ಲಿ ಅನುತ್ತೀರ್ಣನಾಗಿ, 1890ರ ಜೂನಿನ ಪರೀಕ್ಷೆಯಲ್ಲಿ ತೇರ್ಗಡೆಯಾದ. ಬ್ಯಾರಿಸ್ಟರುಗಳನ್ನು ತಯಾರು ಮಾಡುವ ಇನ್ನರ್ ಟೆಂಪಲ್ ಎಂಬ ಸಂಸ್ಥೆಗೆ ಅವನು ಸೇರಿದ್ದು 1888ರ ನವೆಂಬರ್ 6ರಂದು. ಅಲ್ಲಿನ ನಿಯಮದಂತೆ ಹನ್ನೆರಡು ಅವಧಿಗಳನ್ನು ಪೂರೈಸಬೇಕಿತ್ತು, ಪೂರೈಸುವುದೆಂದರೆ ಪ್ರತಿ ಅವಧಿಯ ಇಪ್ಪತ್ನಾಲ್ಕು ಔತಣಗಳಲ್ಲಿ ಆರಕ್ಕಾದರೂ ಹಾಜರಿರುವುದು. ನಾಲ್ವರಿಗೆ ಎರಡು ಬಾಟಲಿ ವೈನು ಬರುತ್ತಿತ್ತು. ಕುಡಿಯದವನೊಬ್ಬ ಜೊತೆಗಿದ್ದರೆ ಉಳಿದ ಮೂವರಿಗೆ ಲಾಭವಾದ್ದರಿಂದ ಅವನನ್ನು ಕರೆಯಲು ಪೈಪೋಟಿ ನಡೆಯುತ್ತಿತ್ತು. ತಾಯಿಗೆ ಕೊಟ್ಟ ಮಾತು ಲಂಡನ್ನಿನಲ್ಲಿ ಅವನನ್ನು ಜನಪ್ರಿಯನನ್ನಾಗಿ ಮಾಡಿದ ಏಕೈಕ ಸಂದರ್ಭ ಇದಿರಬೇಕು.

ಮನೆಯಿಂದ ತರಿಸಿಕೊಂಡಿದ್ದ ಸಿಹಿತಿಂಡಿ, ಮಸಾಲೆಗಳನ್ನು ಅವನು ಈ ಕಾಲದಲ್ಲಿ ಬಿಟ್ಟುಬಿಟ್ಟ. ರಿಚ್ಮಂಡಿನಲ್ಲಿ ಗಂಟಲಿಗಿಳಿಯದ ಆ ಬೇಯಿಸಿದ ಸೊಪ್ಪೇ ಈಗ ರುಚಿಸತೊಡಗಿತು. ರುಚಿಯ ಮೂಲ ನಾಲಗೆಯಲ್ಲ, ಮನಸ್ಸು ಎಂದು ಅವನು ತೀರ್ಮಾನಿಸಿದ. ಇದರಿಂದ ಊರಿನ ರುಚಿಯೇ ಮರೆತನೆಂದು ತಿಳಿಯಬಾರದು. ನಾರಾಯಣ ಹೇಮಚಂದ್ರ ಎಂಬ ಗುಜರಾತಿ ಲೇಖಕ ಲಂಡನ್ನಿಗೆ ಬಂದಾಗ ಇಬ್ಬರೂ ದಿನವೂ ಎಂಬಂತೆ ಕೂಡತೊಡಗಿದರು. ಹೇಮಚಂದ್ರನಿಗೆ ಇಂಗ್ಲಿಷ್ ವ್ಯಾಕರಣವೂ ಬಾರದು, ಉಡುಪಿನ ನಾಚಿಕೆಯೂ ಇಲ್ಲ. ಮೋಹನದಾಸ ಇಂಗ್ಲಿಷ್ ರೀತಿಯಲ್ಲಿ ಮಾಡಿಕೊಟ್ಟ ಕ್ಯಾರೆಟ್ ಸೂಪು ಅವನಿಗೆ ಹಿಡಿಸಲಿಲ್ಲ. ಒಂದು ದಿನ ಎಲ್ಲಿಂದಲೋ ಹೆಸರುಕಾಳು ಸಂಪಾದಿಸಿ ಬೇಯಿಸಿಕೊಂಡು ಬಂದ. ಮೋಹನದಾಸ ಅದನ್ನು ಆನಂದದಿಂದ ಉಂಡ. ಅಂದಿನಿಂದ ಇವನ ಅಡುಗೆ ಅವನಿಗೆ, ಅವನದು ಇವನಿಗೆ ಎಂಬ ಕೊಡುಕೊಳ್ಳುವಿಕೆ ನಡೆಯಿತು. ಅಂಚೆಯಲ್ಲಿ ಬಂದ ತಿಂಡಿಯನ್ನು ಒಬ್ಬನೇ ಕುಳಿತು ತಿನ್ನುವುದಕ್ಕೂ ಗೆಳೆಯ ಬೇಯಿಸಿ ತಂದ ಹೆಸರುಕಾಳಿಗೂ ಇರುವ ವ್ಯತ್ಯಾಸವನ್ನು, ದೂರದಲ್ಲಿ ಓದಿದ ಯಾರಿಗೂ ವಿವರಿಸಬೇಕಾಗಿಲ್ಲ.

ಸಸ್ಯಾಹಾರಿಗಳ ಬಳಗ ಅವನಿಗೆ ಕೆಲಸ ಕೊಟ್ಟಿತು. 1890ರಲ್ಲಿ ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಸೇರಿದ. ತಾನಿದ್ದ ಬೇಸ್‌ವಾಟರ್ ಬಡಾವಣೆಯಲ್ಲಿ ಚಿಕ್ಕದೊಂದು ಕ್ಲಬ್ಬು ಕಟ್ಟಿ, ಡಾ. ಓಲ್ಡ್‌ಫೀಲ್ಡರನ್ನು ಅಧ್ಯಕ್ಷರನ್ನಾಗಿಯೂ ಗೀತೆಯನ್ನು ಇಂಗ್ಲಿಷಿಗೆ ಅನುವಾದಿಸಿದ್ದ ಎಡ್ವಿನ್ ಆರ್ನಾಲ್ಡರನ್ನು ಉಪಾಧ್ಯಕ್ಷರನ್ನಾಗಿಯೂ ಮಾಡಿ ತಾನು ಕಾರ್ಯದರ್ಶಿಯಾದ. ಕ್ಲಬ್ಬು ಕೆಲವೇ ತಿಂಗಳು ನಡೆಯಿತು. 1891ರ ಫೆಬ್ರುವರಿಯಿಂದ ಲಂಡನ್ನಿನ ಸಸ್ಯಾಹಾರಿಗಳ ವಾರಪತ್ರಿಕೆಯಲ್ಲಿ ಭಾರತದ ಸಸ್ಯಾಹಾರಿಗಳನ್ನು ಕುರಿತು, ಆಮೇಲೆ ಭಾರತದ ಹಬ್ಬಗಳನ್ನು ಕುರಿತು ಸರಣಿ ಲೇಖನಗಳನ್ನು ಬರೆದ. ಎರಡೂವರೆ ವರ್ಷದ ಹಿಂದೆ ಯಾರಿಗೂ ಹೇಳಿಕೊಳ್ಳಲಾಗದಿದ್ದ ಮನೆಯನ್ನು ಈಗ ಅಪರಿಚಿತರಿಗೆ ವಿವರಿಸುತ್ತಿದ್ದ. ಗೀತೆಯ ಕತೆಯೂ ಇಂಥದ್ದೇ: ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಇಬ್ಬರು ಸೋದರರು ಆರ್ನಾಲ್ಡರ ಇಂಗ್ಲಿಷ್ ಅನುವಾದ ಹಿಡಿದು, ಮೂಲವನ್ನು ನಮ್ಮ ಜೊತೆ ಓದುವೆಯಾ ಎಂದು ಕೇಳಿದಾಗ, ಅದನ್ನು ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ಓದಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಯಿತು.

ಗುಣವಾಗದ ಭಾಗಗಳನ್ನೂ ದಾಖಲಿಸಬೇಕು. ಸಂಕೋಚ ಕೊನೆಯವರೆಗೆ ಹೋಗಲಿಲ್ಲ. ಸಮಿತಿಯಲ್ಲಿ ಬಾಯಿ ತೆರೆಯದೆ ಕುಳಿತಿರುತ್ತಿದ್ದ. ಮದುವೆಯ ವಿಷಯದಲ್ಲಿ ಸುಳ್ಳು ನಡೆಯಿತು. ಚಿಕ್ಕ ವಯಸ್ಸಿನಲ್ಲಿ ಮದುವೆಯಾದ ಭಾರತೀಯ ವಿದ್ಯಾರ್ಥಿಗಳು ಅಲ್ಲಿ ಅವಿವಾಹಿತರಂತೆ ನಡೆದುಕೊಳ್ಳುವ ವಾಡಿಕೆಯಿತ್ತು, ಇವನೂ ಹಾಗೆಯೇ ನಡೆದುಕೊಂಡ. ಬ್ರೈಟನ್ನಿನಲ್ಲಿ ಪರಿಚಯವಾದ ವೃದ್ಧೆಯೊಬ್ಬರು ಪ್ರತಿ ಭಾನುವಾರ ಊಟಕ್ಕೆ ಕರೆದು, ಒಬ್ಬ ತರುಣಿಯೊಡನೆ ಅವನ ಸ್ನೇಹ ಬೆಳೆಸಲು ಯತ್ನಿಸಿದಾಗ, ಹೆದರಿ ಪತ್ರ ಬರೆದು ಹೆಂಡತಿ ಮತ್ತು ಮಗನಿರುವ ಸಂಗತಿಯನ್ನು ಒಪ್ಪಿಕೊಂಡ. ವೃದ್ಧೆ ನಕ್ಕು ಕ್ಷಮಿಸಿದರು. ತಾಯಿಯನ್ನು ನೆನೆದು ಅತ್ತವನು ಹೆಂಡತಿಯ ಇರವನ್ನು ಮುಚ್ಚಿಟ್ಟಿದ್ದ. ಹಂಬಲ ಮನೆಯ ಎಲ್ಲರ ಮೇಲೂ ಸಮನಾಗಿ ಹರಿಯುವುದಿಲ್ಲ.

ಮರಳುವಿಕೆ

1891ರ ಜೂನಿನಲ್ಲಿ ಹೊರಡುವ ಮುನ್ನ ಅವನು ಸಸ್ಯಾಹಾರಿ ಗೆಳೆಯರಿಗೆ ಊಟ ಹಾಕಿಸಿದ. ಆರಿಸಿಕೊಂಡ ಸ್ಥಳ ಹಾಲ್ಬರ್ನ್ ರೆಸ್ಟೋರೆಂಟ್, ಸೂಪಿನ ಪ್ರಶ್ನೆ ಕೇಳಿ ಎದ್ದು ಹೋಗಬೇಕಾಗಿ ಬಂದಿದ್ದ ಅದೇ ಜಾಗ. ಅಲ್ಲಿ ಅಂದು ಅವನಿಗಾಗಿ ಪೂರ್ತಿ ಸಸ್ಯಾಹಾರದ ಅಡುಗೆ ಮಾಡಲಾಗಿತ್ತು. ಮಾತನಾಡಲು ಎದ್ದು ನಿಂತವನಿಗೆ ಸಿದ್ಧಪಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿ, ಬಂದವರಿಗೆ ವಂದನೆ ಹೇಳಿ ಕುಳಿತ. ಜೂನ್ 10ರಂದು ಬ್ಯಾರಿಸ್ಟರ್ ಎಂದು ಘೋಷಣೆಯಾಯಿತು, 11ರಂದು ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದ, 12ರಂದು ಹಡಗು ಹತ್ತಿದ. ಒಂದು ದಿನವೂ ಹೆಚ್ಚಿಗೆ ನಿಲ್ಲಲಿಲ್ಲ.

ಮುಂಬಯಿಯ ಕಟ್ಟೆಗೆ ಅಣ್ಣ ಬಂದಿದ್ದ. ತಾಯಿಯನ್ನು ಕಾಣಲು ಕಾತರಿಸುತ್ತಿದ್ದ ಮೋಹನದಾಸನಿಗೆ, ಆಕೆ ತೀರಿಕೊಂಡ ಸುದ್ದಿಯನ್ನು ಆಮೇಲೆ ತಿಳಿಸಲಾಯಿತು. ಅವನು ಇಂಗ್ಲೆಂಡಿನಲ್ಲಿದ್ದಾಗಲೇ ಅದು ನಡೆದಿತ್ತು. ಪರದೇಶದಲ್ಲಿ ಒಬ್ಬನೇ ಈ ಪೆಟ್ಟು ತಿನ್ನಬಾರದೆಂದು ಅಣ್ಣ ಮುಚ್ಚಿಟ್ಟಿದ್ದ. ಅಣ್ಣನ ಈ ತೀರ್ಮಾನ ಪ್ರೀತಿಯದು ಎಂಬುದರಲ್ಲಿ ಸಂಶಯವಿಲ್ಲ, ಆದರೆ ಅದರಿಂದಾಗಿ ಲಂಡನ್ನಿನ ಕೋಣೆಯಲ್ಲಿ ಅವನು ನೆನೆಯುತ್ತಿದ್ದ ಮನೆ ಯಾವಾಗಿನಿಂದ ಇಲ್ಲವಾಗಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲ. ವಿಧಿಯಂತೆ ಸ್ನಾನ ಮಾಡಿಸಿದರು. ತಂದೆ ಸತ್ತಾಗಿನದಕ್ಕಿಂತ ದೊಡ್ಡ ದುಃಖ ಅದಾಗಿತ್ತೆಂದು ಅವನು ಬರೆದಿದ್ದಾನೆ. ಅಂದು ಮಾತ್ರ ಅಳಲಿಲ್ಲ. ಕಣ್ಣೀರನ್ನು ತಡೆದುಕೊಂಡು, ಏನೂ ಆಗಲಿಲ್ಲವೆಂಬಂತೆ ದಿನದ ಕೆಲಸಗಳಿಗೆ ತೊಡಗಿದ.